ಬಿಳಿದಾರದ ಗಿಡ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಬಡಿಗೇರ ಮೌನೇಶಪ್ಪನವರು. ನಮ್ಮ ಮನೆಯ ತಲೆಬಾಗಿಲಿಗೆ ಹೊಸ ಚೌಕಟ್ಟು ಕೂರಿಸಲು ಬಂದವರು, ಉಳಿಯನ್ನು ಒತ್ತಟ್ಟಿಗಿಟ್ಟು, ಕೈಯೊರೆಸಿಕೊಂಡು ಹೇಳಿದರು. ಅವರಿಗೆ ಅವರ ಸೋದರಮಾವ ಹೇಳಿದ್ದರಂತೆ.

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಮಠದ ಹಿಂದೆ ಬರೀ ಬಂಡೆಗಲ್ಲಿನ ಗುಡ್ಡ.

ಮಠದಲ್ಲಿ ಇದ್ದವರು ಇಬ್ಬರೇ. ಗುರುಗಳು ಅಡವಯ್ಯಜ್ಜಾರು. ಶಿಷ್ಯ ಮುರಿಗೆಪ್ಪ.

ಅಜ್ಜಾರು ಬೇರು ಸೊಪ್ಪುಗಳ ಮದ್ದು ಕೊಡುತ್ತಿದ್ದರು. ಸುತ್ತಲಿನ ಹಳ್ಳಿಯವರು ಅವರನ್ನು ನಂಬಿ ಬರುತ್ತಿದ್ದರು.

ಅರೆಯುವುದು, ಸೋಸುವುದು, ನೆರಳಲ್ಲಿ ಒಣಗಿಸುವುದು ಮುರಿಗೆಪ್ಪನ ಪಾಲು. ಏಳು ವರ್ಷ ಅದನ್ನೇ ಮಾಡಿದ್ದ. ಆದರೆ ತನ್ನ ಕೈಯಿಂದ ಒಬ್ಬರಿಗೂ ಮದ್ದು ಕೊಟ್ಟಿರಲಿಲ್ಲ. ಕೊಡಬೇಕಾದರೆ ಗೂಟಕ್ಕೆ ತೂಗುಹಾಕಿದ್ದ ಮದ್ದಿನ ಚೀಲವನ್ನು ಅಜ್ಜಾರೇ ತೆಗೆದು ಅವನ ಹೆಗಲಿಗೆ ಹಾಕಬೇಕಿತ್ತು.

ಪ್ರತಿ ವರ್ಷ ಅವನು ಕೇಳುತ್ತಿದ್ದ. ಪ್ರತಿ ವರ್ಷ ಅಜ್ಜಾರು, "ನೋಡೋಣ" ಎನ್ನುತ್ತಿದ್ದರು.

ಏಳನೆಯ ವರ್ಷ ಮಳೆಗಾಲ ಮುಗಿಯುತ್ತಲೇ ಅವನು ಮತ್ತೆ ಕೇಳಿದ.

"ಅಜ್ಜಾರೆ, ಈ ಸಲವಾದರೂ?"

ಅಜ್ಜಾರು ಹೊಳೆಯ ಆಚೆ ದಡದ ಕಡೆ ಕೈ ತೋರಿದರು.

"ಪುಷ್ಯದ ಚಳಿಗೆ ದುರುಗವ್ವ ಬರುತ್ತಾಳೆ. ಅವಳ ಮದ್ದು ಈ ಸಲ ನಿನ್ನದು. ನೀನೇ ತರಬೇಕು, ನೀನೇ ಕಾಸಬೇಕು, ನೀನೇ ಕೊಡಬೇಕು. ಕುಡಿದು ಅವಳು ತನ್ನ ಹರಿಗೋಲು ತಾನೇ ನಡೆಸಿಕೊಂಡು ಹೊಳೆ ದಾಟಿದಳೋ, ಚೀಲ ನಿನ್ನದು."

ಮುರಿಗೆಪ್ಪ ನಕ್ಕುಬಿಟ್ಟ.

"ಕಲ್ಲುಸಾಸಿವೆ ತಾನೇ ಅಜ್ಜಾರೆ? ಅದೇನು ಮಹಾ!"

"ಹಾಗೆಯೇ ಆಗಲಿ" ಎಂದರು ಅಜ್ಜಾರು.

ದುರುಗವ್ವ ಆಚೆ ದಡದ ಮುದುಕಿ. ಹರಿಗೋಲಿನಲ್ಲಿ ಜನರನ್ನು ದಾಟಿಸುವವಳು. ಚಳಿ ಬಿತ್ತೆಂದರೆ ಅವಳಿಗೆ ದಮ್ಮು ಕಟ್ಟುತ್ತಿತ್ತು. ಉಸಿರು ಒಳಗೂ ಹೋಗದು, ಹೊರಗೂ ಬಾರದು. ವರ್ಷಕ್ಕೊಮ್ಮೆ ಮಠಕ್ಕೆ ಬಂದು ಮದ್ದು ಕುಡಿದು ಹೋದರೆ ಆ ಚಳಿಗಾಲ ದಾಟುತ್ತಿತ್ತು.

ಆ ಮದ್ದು ಕಲ್ಲುಸಾಸಿವೆಯದು. ಬಂಡೆಯ ಸೀಳಿನಲ್ಲಿ, ಬೆರಳು ತೂರದಷ್ಟು ಜಾಗದಲ್ಲಿ, ಹಿಡಿಮಣ್ಣು ನಂಬಿ ಬೆಳೆಯುವ ಗಿಡ. ಮೊಣಕಾಲೆತ್ತರ. ಸಾಸಿವೆಯಂಥ ಸಣ್ಣ ಬಿಳಿ ಹೂವು, ನೂಲಿನೆಳೆಯಂಥ ಕಾಯಿ.

ಆದರೆ ಅದರಲ್ಲಿ ಮೂರು ಜಾತಿ.

ಕಾಯಿ ಮೇಲ್ಮುಖವಾಗಿ ದಂಟಿಗೆ ಒತ್ತಿಕೊಂಡು ನಿಂತರೆ ಅದು ನೆಟ್ಟಗಾಯಿ. ದಂಟಿನಿಂದ ಅಡ್ಡಕ್ಕೆ ಚಾಚಿದರೆ ಅಡ್ಡಗಾಯಿ. ಕೆಳಗೆ ಜೋತುಬಿದ್ದರೆ ಜೋಲುಗಾಯಿ.

ನೆಟ್ಟಗಾಯಿ ದಮ್ಮಿಗೆ. ಅಡ್ಡಗಾಯಿಯಿಂದ ಗುಣವೂ ಇಲ್ಲ, ಕೇಡೂ ಇಲ್ಲ. ಜೋಲುಗಾಯಿಯನ್ನು ಹುಣ್ಣಿನ ಮೇಲೆ ಹಚ್ಚುತ್ತಿದ್ದರು. ಹೊಟ್ಟೆಗೆ ಹೋದರೆ ಮಾತ್ರ ವಾಂತಿಯಾಗಿ, ಮೈ ತಣ್ಣಗಾಗಿ, ಮುದುಕರಾದರೆ ಏಳುವುದೇ ಕಷ್ಟ.

ಮೂರಕ್ಕೂ ಎಲೆ ಒಂದೇ, ಹೂವು ಒಂದೇ, ಬೇರು ಒಂದೇ. ಮೂಸಿದರೆ ವಾಸನೆಯೂ ಒಂದೇ.

ಕಾರ್ತಿಕದಲ್ಲಿ ಗುಡ್ಡದ ಬಂಡೆಗಳ ತುಂಬ ಹೂವಾಯಿತು.

ಮುರಿಗೆಪ್ಪನ ಕಣ್ಣು ಚುರುಕು. ಪುಷ್ಯದವರೆಗೆ ಕಾಯುವುದು ಅವನಿಗೆ ದಡ್ಡರ ಕೆಲಸ ಅನ್ನಿಸಿತು. ದಿನಾ ಗುಡ್ಡ ಹತ್ತಿದ. ಒಂದೊಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಎಲೆ ಮಗುಚಿ ನೋಡಿದ. ಕೆಲವಕ್ಕೆ ಎಲೆಯ ಕೆಳಗೆ ಕಂಡೂ ಕಾಣದಂಥ ರೋಮ. ಕೆಲವಕ್ಕೆ ನುಣುಪು. ಕೆಲವಕ್ಕೆ ದಂಟಿನ ಬುಡ ತುಸು ಕೆಂಪು.

ಹದಿನೈದು ದಿನ ನೋಡಿ, ಲೆಕ್ಕ ಹಾಕಿ, ಮೂರು ಬಣ್ಣದ ದಾರ ಒಯ್ದ. ನೆಟ್ಟಗಾಯಿ ಎಂದು ತೋರಿದ್ದಕ್ಕೆ ಬಿಳಿ, ಅಡ್ಡಗಾಯಿಗೆ ಕೆಂಪು, ಜೋಲುಗಾಯಿಗೆ ಕಪ್ಪು. ಒಂದೊಂದರ ಬುಡಕ್ಕೂ ಕಟ್ಟಿದ.

ಇಳಿದು ಬಂದವನ ಮುಖದಲ್ಲಿ ಗೆದ್ದ ಕಳೆ.

"ಅಜ್ಜಾರೆ, ಹೂವಿನಲ್ಲೇ ಮೂರನ್ನೂ ಬೇರೆ ಮಾಡಿ ಬಂದೆ."

"ಹೂವಿನಲ್ಲೇ?"

"ಹೌದು. ಎಲ್ಲಕ್ಕೂ ಗುರುತು ಹಾಕಿದ್ದೇನೆ. ಬಿಳಿದಾರದವು ಒಂಬತ್ತು. ದುರುಗವ್ವನಿಗೆ ಬೇಕಾದಷ್ಟಾಯಿತು."

"ಎಲ್ಲಕ್ಕೂ?"

"ಒಂದು ಹದಿನಾಲ್ಕು ಗಿಡ ಯಾವುದೆಂದು ತಿಳಿಯಲಿಲ್ಲ. ಅವನ್ನು ಬಿಟ್ಟೆ. ಅವು ಹೋದರೆ ಹೋಗಲಿ."

ಅಜ್ಜಾರು ಕಲಬತ್ತಿನಲ್ಲಿ ಏನೋ ಕುಟ್ಟುತ್ತಿದ್ದರು.

"ದಾರ ಎಲ್ಲಿಯದೋ?"

"ನಿಮ್ಮ ಹಳೇ ಕೌದಿಯದು."

"ಅದಕ್ಕೇ ರಾತ್ರಿ ಚಳಿಯಾಗುತ್ತಿದೆ" ಎಂದು ಮತ್ತೆ ಕುಟ್ಟತೊಡಗಿದರು.

ಪುಷ್ಯ ಬಂತು. ದುರುಗವ್ವ ಮರುದಿನ ಬರುತ್ತಾಳೆಂದು ಆಚೆ ದಡದಿಂದ ಸುದ್ದಿ ಬಂತು.

ಆ ಮಠದಲ್ಲಿ ಮದ್ದಿನ ಗಿಡ ಕೀಳುವುದಕ್ಕೆ ಒಂದು ಪದ್ಧತಿ ಇತ್ತು. ಹಿಂದಿನ ಸಂಜೆ ಹೋಗಿ ಗಿಡದ ಬುಡಕ್ಕೆ ಅಕ್ಷತೆ ಹಾಕಿ, ಕೈಮುಗಿದು ಅಪ್ಪಣೆ ಕೇಳಬೇಕು. ಬೆಳಗಿನ ಜಾವ ಮಂತ್ರ ಹೇಳುತ್ತ, ಕಣ್ಣನ್ನು ಬುಡದ ಮೇಲಿಟ್ಟು, ಬೇರು ಹರಿಯದ ಹಾಗೆ ಎತ್ತಬೇಕು. ಎತ್ತುವ ಮುಂಚೆ ಕಾಯಿಗಳನ್ನು ಕೈಯಿಂದ ಸವರಿ ಅದೇ ಸೀಳಿಗೆ ಉದುರಿಸಬೇಕು. ಬೇರು ಸೊಪ್ಪು ನಮಗೆ, ಬೀಜ ಬಂಡೆಗೆ.

ಮುರಿಗೆಪ್ಪ ಒಂದನ್ನೂ ಬಿಡಲಿಲ್ಲ. ಸಂಜೆ ಹೋಗಿ ಕೇಳಿದ. ಬೆಳಿಗ್ಗೆ ಮಂಜಿನಲ್ಲಿ ಹೋದ. ಬಗ್ಗಿ, ಬಿಳಿದಾರ ಕಂಡಲ್ಲಿ ಕುಳಿತ. ಕಾಯಿ ಉದುರಿಸಿದ. ಗಿಡ ಎತ್ತಿದ. ನಡುವೆ ಒಂದೆರಡು ಗಿಡದ ಕಾಯಿಗಳು ಜಾರಿಕೊಂಡು ಸತಾಯಿಸಿದವು. ಮಂತ್ರ ನಿಲ್ಲಿಸಲಿಲ್ಲ.

ಹೊತ್ತು ಏರುವ ಮುಂಚೆ ಒಂಬತ್ತು ಗಿಡವೂ ಮಠದ ಒಲೆಯ ಮೇಲೆ ಕುದಿಯುತ್ತಿದ್ದವು.

ದುರುಗವ್ವ ಬಂದಳು. ಹರಿಗೋಲನ್ನು ಎಳೆದು ಕಲ್ಲಿಗೆ ಕಟ್ಟಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕಟ್ಟೆಯ ಮೇಲೆ ಕುಸಿದು ಕುಳಿತಳು. ಎದೆಯಲ್ಲಿ ಸುಂಯ್ ಸುಂಯ್ ಸದ್ದು.

"ಏನಪಾ ಮರಿಸ್ವಾಮಿ, ಈ ಸಲ ನಿನ್ನ ಕೈ ಮದ್ದಂತ? ನನ್ನ ಮ್ಯಾಲೆ ಕಲೀತಿಯೇನು?"

"ಕಲಿತಾಯಿತು ಯವ್ವಾ."

"ಏಳು ವರ್ಷದಾಗ ಕಲತಬಿಟ್ಟಿ? ನಾ ಐವತ್ತು ವರ್ಷ ಹುಟ್ಟು ಹಾಕೀನಿ. ಇವತ್ತಿಗೂ ಈ ಹೊಳಿ ನನ್ನ ಗರಗರ ತಿರುಗಿಸಿ ನಗತೈತಿ."

ಅಷ್ಟು ಹೇಳುವುದರಲ್ಲಿ ಅವಳ ಉಸಿರು ಕಟ್ಟಿತು. ಎದೆ ಹಿಡಿದುಕೊಂಡಳು.

ಮುರಿಗೆಪ್ಪ ಮದ್ದನ್ನು ಸೋಸಿ ಬಟ್ಟಲಿಗೆ ಬಗ್ಗಿಸಿದ.

ಕೊಡುವ ಮುಂಚೆ ಗುರುಗಳು ಮೂರು ಮಾತು ಕೇಳುತ್ತಾರೆ, ಕೊಡುವವನು ಮೊದಲು ತಾನೊಂದು ಗುಟುಕು ಕುಡಿಯುತ್ತಾನೆ. ಅದೂ ಅಲ್ಲಿಯ ಪದ್ಧತಿ. ಅಜ್ಜಾರು ಬಂದು ಎದುರಿಗೆ ಕುಳಿತರು.

"ಎಲ್ಲಿಯದು?"

"ಗುಡ್ಡದ ಬಡಗಣ ಬಂಡೆಯ ಸೀಳಿನದು."

"ಹೇಗೆ ಬಂತು?"

"ನಿನ್ನೆ ಕೇಳಿದೆ, ಇವತ್ತು ತಂದೆ."

"ಯಾವುದು?"

"ಬಿಳಿದಾರದ್ದು, ಅಜ್ಜಾರೆ."

ಅಜ್ಜಾರು ಬಟ್ಟಲಿನೊಳಗೆ ಬಗ್ಗಿ ನೋಡಿದರು.

ಉಸಿರಿಲ್ಲದಿದ್ದರೂ ದುರುಗವ್ವನಿಗೆ ನಗು ತಡೆಯಲಿಲ್ಲ.

"ದಾರ ಕುದಿಸಿ ಕುಡಸ್ತೀರೇನ್ರಿ ನನಗ?"

"ನಮ್ಮ ಗುಡ್ಡದಲ್ಲಿ ಬಿಳಿದಾರ ಅನ್ನುವ ಗಿಡ ನಾನು ನೋಡಿಲ್ಲವಲ್ಲ, ಮುರಿಗೆಪ್ಪ" ಎಂದರು ಅಜ್ಜಾರು.

"ಬಾಯಿ ತಪ್ಪಿತು. ನೆಟ್ಟಗಾಯಿ."

"ಕಾಯಿ ನೋಡಿದೆಯಾ?"

"ದಾರ ನೋಡಿದೆ. ನಾನೇ ಕಟ್ಟಿದ್ದು."

"ಕಾಯಿ?"

"ಗುರುತು ಹಾಕಿದ್ದೆನಲ್ಲ, ಅಜ್ಜಾರೆ!"

"ಗುರುತು ಹಾಕಿದೆ. ಒಪ್ಪಿದೆ. ಗುರುತು ಹಿಡಿದೆಯಾ?"

ಮುರಿಗೆಪ್ಪ ಬಟ್ಟಲನ್ನು ಎತ್ತಿಕೊಂಡ.

"ಮೊದಲು ನಾನೇ ಕುಡಿಯುತ್ತೇನೆ. ತಪ್ಪಿದ್ದರೆ ನನಗೇ ಆಗಲಿ."

"ನಿನ್ನದು ಇಪ್ಪತ್ತೈದರ ಹೊಟ್ಟೆ. ಕಲ್ಲು ಹಾಕಿದರೂ ಅರಗಿಸುತ್ತದೆ. ಒಂಬತ್ತರಲ್ಲಿ ಒಂದು ಕೆಟ್ಟದ್ದಿದ್ದರೆ ನಿನಗೆ ಗೊತ್ತೂ ಆಗುವುದಿಲ್ಲ." ಅಜ್ಜಾರು ದುರುಗವ್ವನ ಕಡೆ ನೋಡಿದರು. "ಅವಳಿಗೆ ಗೊತ್ತಾಗುತ್ತದೆ."

ಮುರಿಗೆಪ್ಪನಿಗೆ ಒಂದು ಅನುಮಾನ ಬಂತು.

"ಅಜ್ಜಾರೆ, ನನ್ನನ್ನು ಪರೀಕ್ಷೆ ಮಾಡಲಿಕ್ಕೆ ನೀವೇನಾದರೂ ದಾರ ಬದಲಿಸಿದಿರಾ?"

"ನನ್ನ ಮೊಣಕಾಲು ನೋಡಿ ಮಾತಾಡು. ನಾನು ಆ ಬಂಡೆ ಹತ್ತಿ ಎರಡು ವರ್ಷವಾಯಿತು. ನಿನ್ನ ದಾರ, ನಿನ್ನ ಗಂಟು."

"ಹಾಗಾದರೆ ಸರಿಯಾಗಿಯೇ ಇರಬೇಕು."

"ಇರಬಹುದು. ಕಣ್ಣು ಮುಚ್ಚು."

ಮುರಿಗೆಪ್ಪ ಕಣ್ಣು ಮುಚ್ಚಿದ.

"ಬಟ್ಟಲು ಕೆಳಗಿಡು. ಕೈ ಮುಂದೆ ತಾ. ಬೆಳಿಗ್ಗೆ ಹೇಗೆ ಕಾಯಿ ಉದುರಿಸಿದೆಯೋ ಹಾಗೇ ಉದುರಿಸು. ಮೊದಲನೆಯ ಗಿಡದಿಂದ."

ಮುರಿಗೆಪ್ಪನ ಕೈ ಗಾಳಿಯಲ್ಲಿ ಮೇಲಕ್ಕೆ ಹೋಯಿತು. ಬೆರಳುಗಳು ಕೂಡಿದವು. ಮೇಲಿಂದ ಕೆಳಗೆ ಸರ್ರನೆ ಇಳಿದವು.

"ಒಂದು" ಎಂದರು ಅಜ್ಜಾರು.

ಮತ್ತೆ ಮೇಲಿಂದ ಕೆಳಗೆ.

"ಎರಡು."

ಮೂರು, ನಾಲ್ಕು, ಐದು. ಕೈ ಅದೇ ಹಾದಿಯಲ್ಲಿ ಇಳಿಯುತ್ತಿತ್ತು. ಮೇಲಕ್ಕೆ ನಿಂತ ಕಾಯಿ ಹಾಗೆಯೇ ಉದುರುವುದು.

ಆರನೆಯದಕ್ಕೆ ಕೈ ಮೇಲೆ ಹೋಯಿತು, ಇಳಿಯಿತು, ನಿಂತಿತು. ಮತ್ತೆ ಮೇಲೆ ಹೋಯಿತು, ಇಳಿಯಿತು. ಆಮೇಲೆ, ಯಾರೂ ಹೇಳದೆಯೇ, ಬುಡಕ್ಕೆ ಹೋಗಿ ಬೆರಳು ಬಿಗಿ ಹಿಡಿದು ಕೆಳಗಿಂದ ಮೇಲಕ್ಕೆ ಎಳೆಯಿತು.

ಮುರಿಗೆಪ್ಪ ಕಣ್ಣು ತೆರೆದ.

"ಜಾರಿತು, ಅಜ್ಜಾರೆ. ಮೇಲಿಂದ ಎಳೆದರೆ ಬರಲಿಲ್ಲ. ಕೆಳಗಿಂದ ಎಳೆದೆ. ಆಗ ಬಂತು."

"ಯಾವ ಕಾಯಿ ಕೆಳಗಿಂದ ಎಳೆದರೆ ಬರುತ್ತದೆ?"

"ಜೋತುಬಿದ್ದದ್ದು."

"ಕೈ ಗುರುತು ಹಿಡಿದಿತ್ತು. ನೀನು ಅದನ್ನು ಕೇಳಲಿಲ್ಲ."

ಮುರಿಗೆಪ್ಪ ಎದ್ದ. ಬಟ್ಟಲಿನದನ್ನೂ ಗಡಿಗೆಯದನ್ನೂ ಒಯ್ದು ಬೂದಿಗುಂಡಿಗೆ ಸುರಿದು ಬಂದ. ಬಂದು ದುರುಗವ್ವನ ಮುಂದೆ ಕೈಮುಗಿದು ನಿಂತ.

"ಯವ್ವಾ, ಅದು ನಿನಗೆ ಆಗುತ್ತಿರಲಿಲ್ಲ."

"ಚೆಲ್ಲಿದ್ಯಾ? ಎಲ್ಲಾ ಚೆಲ್ಲಿದ್ಯಾ?" ಮುದುಕಿ ಈಗ ನಗುತ್ತಿರಲಿಲ್ಲ. "ಹಂಗಾದ್ರ ನನ್ನ ದಮ್ಮಿಗೇನೋ? ನಾ ಹೆಂಗ ಹೊಳಿ ದಾಟ್ಲಿ?"

ಅವಳ ತುಟಿಯ ಬಣ್ಣ ಕಂದುತ್ತಿತ್ತು. ಕೊರಳ ನರ ಎದ್ದು ಕಾಣುತ್ತಿತ್ತು.

"ಹೋದ ವರ್ಷದ್ದು ಉಳಿದಿದೆಯೇ ಅಜ್ಜಾರೆ?"

"ಇಲ್ಲ. ಅದೂ ಅವಳೇ ಕುಡಿದು ಮುಗಿಸಿದ್ದಾಳೆ."

"ದಾರ ಕಟ್ಟದ ಹದಿನಾಲ್ಕು ಗಿಡ ಇವೆ. ಈಗ ಕಾಯಿ ಬಿಟ್ಟಿರುತ್ತವೆ."

"ಮತ್ತೇಕೆ ನಿಂತೆ?"

"ಅವಕ್ಕೆ ನಿನ್ನೆ ಸಂಜೆ ಅಪ್ಪಣೆ ಕೇಳಿಲ್ಲ."

"ಈಗ ಹೋಗಿ ಕೇಳು. ದುರುಗವ್ವ ಕಾಯುತ್ತಿದ್ದಾಳೆ ಅಂತ ಹೇಳು. ಅವಳನ್ನು ಬಲ್ಲವು ಅವು."

ಮುರಿಗೆಪ್ಪ ಗುಡ್ಡ ಏರಿದ. ಓಡಿದ ಎಂದೇ ಹೇಳಬೇಕು.

ಮಂಜು ಕರಗಿ ಬಿಸಿಲು ಬಿದ್ದಿತ್ತು. ಬಂಡೆಯ ಮೇಲೆ ಒಂದೊಂದು ಗಿಡದ ನೆರಳೂ ಗೆರೆ ಎಳೆದ ಹಾಗೆ ಬಿದ್ದಿತ್ತು. ಕಾರ್ತಿಕದಲ್ಲಿ ಹದಿನೈದು ದಿನ ಎಲೆ ಮಗುಚಿ ಹುಡುಕಿದ್ದು ಈಗ ನಾಲ್ಕು ಮಾರು ದೂರದಿಂದಲೇ ಕಾಣುತ್ತಿತ್ತು.

ದಾರವಿಲ್ಲದ ಹದಿನಾಲ್ಕರಲ್ಲಿ ನಾಲ್ಕು ನೆಟ್ಟಗಾಯಿ. ಕೆಂಪು ದಾರ ಕಟ್ಟಿ ಬೇಡವೆಂದು ಬಿಟ್ಟಿದ್ದವುಗಳಲ್ಲಿ ಎರಡು ನೆಟ್ಟಗಾಯಿ.

ಆ ಎರಡರ ಮುಂದೆ ಅವನು ಕುಕ್ಕರಗಾಲಲ್ಲಿ ಕುಳಿತ. ಆಮೇಲೆ ದಾರ ಬಿಚ್ಚಿದ. ಆರಕ್ಕೂ ಕೈಮುಗಿದು, ಮುದುಕಿಯ ಹೆಸರು ಹೇಳಿ, ಅಪ್ಪಣೆ ಕೇಳಿದ. ಕಾಯಿ ಉದುರಿಸುವಾಗ ಈ ಸಲ ಕಣ್ಣೂ ಅಲ್ಲೇ ಇತ್ತು, ಕೈಯೂ ಅಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದ.

ಅಜ್ಜಾರು ಮೊದಲು ಕುಳಿತಿದ್ದ ಜಾಗದಲ್ಲಿರಲಿಲ್ಲ. ಕಟ್ಟೆಯ ಮೇಲೆ ದುರುಗವ್ವನ ಬೆನ್ನಿಗೆ ದಿಂಬಿಟ್ಟು, ಬಿಸಿನೀರು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಅವಳು ಉಸಿರು ಸಿಕ್ಕಾಗೊಮ್ಮೆ ಒಂದೊಂದು ಮಾತು ಆಡುತ್ತಿದ್ದಳು. ಅವರು ಹೂಂಗುಟ್ಟುತ್ತಿದ್ದರು.

ಮುರಿಗೆಪ್ಪ ಕುದಿಸಿದ, ಸೋಸಿದ, ಬಟ್ಟಲು ಹಿಡಿದು ಬಂದ.

"ಎಲ್ಲಿಯದು?"

"ಅದೇ ಬಂಡೆಯದು."

"ಹೇಗೆ ಬಂತು?"

"ಈಗ ಕೇಳಿದೆ. ಕೊಟ್ಟವು."

"ಯಾವುದು?"

"ನೆಟ್ಟಗಾಯಿ. ಆರು ಗಿಡ. ಆರರ ಕಾಯಿಯನ್ನೂ ನೋಡಿದೆ. ಆರು ಸಲವೂ ಕೈ ಮೇಲಿಂದ ಕೆಳಗೆ ಬಂತು."

"ಕುಡಿ."

ಅವನು ಒಂದು ಗುಟುಕು ಕುಡಿದ. ಅಜ್ಜಾರು ತಲೆಯಾಡಿಸಿದರು.

ಮುರಿಗೆಪ್ಪ ತನ್ನ ಕೈಯಿಂದ ದುರುಗವ್ವನ ತುಟಿಗೆ ಬಟ್ಟಲು ಹಿಡಿದ. ಏಳು ವರ್ಷದಲ್ಲಿ ಮೊದಲ ಸಲ.

ಮುದುಕಿ ಕುಡಿದು ಮುಖ ಕಿವುಚಿದಳು.

"ಅಜ್ಜಾರು ಕೊಟ್ಟಾಗ ಇಷ್ಟು ಕಹಿ ಇರ್ತಿದ್ದಿಲ್ಲ."

"ಅದೇ ಮದ್ದು ಯವ್ವಾ."

"ಇರಬೇಕು. ಅವರು ಬಾಯಿಗೆ ಕುಡಸ್ತಿದ್ರು. ನೀ ಅರ್ಧ ನನ್ನ ಸೀರಿಗೇ ಕುಡಿಸಿದಿ."

ಹೊತ್ತು ಇಳಿಯುತ್ತ ಬಂತು. ಎದೆಯ ಸುಂಯ್ ಸದ್ದು ತಗ್ಗಿತು. ಮಾತು ಉದ್ದವಾಯಿತು. ಕೊನೆಗೆ ದುರುಗವ್ವ ಒಂದೇ ಉಸಿರಿಗೆ ತನ್ನ ಸೊಸೆಯನ್ನೂ ಆಚೆ ದಡದ ಗೌಡನನ್ನೂ ಬೈದಳು. ಅಜ್ಜಾರಿಗೂ ಮುರಿಗೆಪ್ಪನಿಗೂ ಆಗ ಸಮಾಧಾನವಾಯಿತು.

ಅವಳು ಸೆರಗು ಕಟ್ಟಿ ಎದ್ದಳು. ಹುಟ್ಟು ಹಿಡಿದು ಹರಿಗೋಲಿನಲ್ಲಿ ಕುಳಿತಳು.

"ನಾನು ಬರಲೇನು ಯವ್ವಾ?" ಎಂದ ಮುರಿಗೆಪ್ಪ.

"ನೀ ಬಂದ್ರ ನಿನ್ನ ಭಾರಾನೂ ನಾನ ಎಳೀಬೇಕು. ನಿಂತು ನೋಡು."

ಅವನು ದಡದಲ್ಲಿ ನಿಂತು ನೋಡಿದ. ಹರಿಗೋಲು ನಡುಹೊಳೆಯಲ್ಲಿ ಎರಡು ಸುತ್ತು ತಿರುಗಿತು. ಮತ್ತೆ ನೆಟ್ಟಗಾಯಿತು. ಆಚೆ ದಡ ಮುಟ್ಟುವವರೆಗೂ ಅವನು ಕಣ್ಣು ತೆಗೆಯಲಿಲ್ಲ.

ಹಿಂತಿರುಗಿದಾಗ ಅಜ್ಜಾರು ಗೂಟದ ಬಳಿ ನಿಂತಿದ್ದರು. ಚೀಲ ಅವರ ಕೈಯಲ್ಲಿತ್ತು.

ಮುರಿಗೆಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಬೆಳಿಗ್ಗೆ ನಾನು ಅವಳಿಗೆ ಜೋಲುಗಾಯಿ ಕುಡಿಸುವುದರಲ್ಲಿದ್ದೆ, ಅಜ್ಜಾರೆ."

"ಮಧ್ಯಾಹ್ನ ಏನು ಕುಡಿಸಿದೆ?"

"ನೆಟ್ಟಗಾಯಿ."

"ಹೊಳೆ ದಾಟಿದಳೋ?"

"ದಾಟಿದಳು."

"ತಾನೇ?"

"ತಾನೇ."

"ಮತ್ತೆ ನಾನು ಆಡಿದ ಮಾತು ಏನಿತ್ತು?"

ಅಜ್ಜಾರು ಚೀಲವನ್ನು ಅವನ ಹೆಗಲಿಗೆ ಹಾಕಿದರು. ಮುರಿಗೆಪ್ಪ ಕಾಲು ಮುಟ್ಟಿ ನಮಸ್ಕರಿಸಿದ. ಎದ್ದವನು ಹೋಗಲಿಲ್ಲ.

"ಇನ್ನೇನೋ?"

"ಒಂದು ಮಾತು ಕೇಳುವುದಿದೆ. ದುರುಗವ್ವ ಕಾಯಿಯ ಕಾಲದಲ್ಲಿ ಬಂದಳು. ಇನ್ನೊಬ್ಬರು ಕಾರ್ತಿಕದಲ್ಲಿ ಬರಬಹುದು. ಕೂಡಿಟ್ಟ ಮದ್ದು ಮುಗಿದಿರುತ್ತದೆ. ಗುಡ್ಡದ ತುಂಬ ಬರೀ ಹೂವು. ಹೂವಿನಲ್ಲಿ ನೋಡಿ ಹೇಳುವುದು ನಿಮಗೆ ಬರುತ್ತದೆಯೇ?"

"ನನಗೂ ಬರುವುದಿಲ್ಲ."

"ಬಂದವರು ಉಸಿರಿಲ್ಲದೆ ಒದ್ದಾಡುತ್ತಿದ್ದರೆ? ಯಾವುದು ಯಾವುದೆಂದು ನನಗೆ ತಿಳಿಯದಿರುವಾಗ, ಅವರಿಗೆ ನಾನು ಏನು ಕೊಡಲಿ?"

ಅಜ್ಜಾರು ಕಟ್ಟೆಯ ಮೇಲಿದ್ದ ಬಿಸಿನೀರಿನ ತಂಬಿಗೆಯನ್ನು ಎತ್ತಿಕೊಂಡರು.

"ಕಾಯಿಯಾಗುವ ತನಕ ಅವರ ಪಕ್ಕದಲ್ಲಿ ಕುಳಿತಿರು" ಎಂದರು.

ಓದಿದವರು ಇದನ್ನು ಪುಸ್ತಕದಲ್ಲೇ ಮಡಿಚಿಡದೆ, ತಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಒಬ್ಬರಿಗೆ ಬಾಯಿಮಾತಿನಲ್ಲಿ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ.